ಪುಣೆಯಲ್ಲಿ ಎಣಿಕೆ ಬಿಟ್ಟ ಹತ್ತು ದಿನ

ಇಂಡಿ

ವಿದೇಶಕ್ಕೆ ಹೋಗಿ ಬಂದವರು ಬರೆದ ಪುಸ್ತಕಗಳನ್ನು ನಮ್ಮೂರ ವಾಚನಾಲಯದಲ್ಲಿ ಕೂತು ಸಾಕಷ್ಟು ಓದಿದ್ದೇನೆ. ನನ್ನ ಪಾಲಿಗೆ ಬಂದ ಪರದೇಶ ಪುಣೆ ಒಂದೇ. ಮೊದಲ ಸಲ ಹೋದಾಗ ನನಗೆ ಇಪ್ಪತ್ತು. ಮ್ಯಾಟ್ರಿಕ್ ಮುಗಿಸಿ, ಲಕ್ಷ್ಮೀ ರಸ್ತೆಯಲ್ಲಿ ವಿಜಾಪುರದ ಕಡೆಯವರೊಬ್ಬರ ಅರಿವೆ ಅಂಗಡಿಗೆ ಗುಮಾಸ್ತನಾಗಿ ಹೋಗಿದ್ದೆ. ಈ ಸಲ ಎಪ್ಪತ್ತಮೂರು. ಮೊಮ್ಮಗಳು ಹಿಪ್‌ಹಾಪ್ ಕುಣಿತ ಕಲಿಯಬೇಕಿತ್ತು. ಅವಳ ಜೊತೆಗಾರನಾಗಿ ಹೋದೆ. ಎರಡೂ ಸಲ ನಾನು ಮಾಡಿದ್ದು ಒಂದೇ ತಪ್ಪು. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಪುಣೆಯಲ್ಲಿದ್ದ ನಾಲ್ಕು ವರ್ಷಗಳಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಲೇಜಿಮು. ಬಿಲ್ಲಿನಂಥ ಕೋಲಿಗೆ ತಗಡಿನ ಬಿಲ್ಲೆಗಳ ಸರಪಳಿ. ಅದನ್ನು ಹಿಡಿದು ಸಾಲಾಗಿ ನಿಂತು, ಮಾಸ್ತರು ಊದುವ ಸೀಟಿಯ ಲೆಕ್ಕಕ್ಕೆ ಬಗ್ಗಿ ಏಳುವ ಕುಣಿತ. ಊರಿಗೆ ಮರಳಿದ ಮೇಲೆ ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಕಲಿಸಿದೆ. ನೂರು ಮಕ್ಕಳ ಕಾಲು ಒಂದೇ ಸಲ ನೆಲಕ್ಕೆ ಬೀಳುವ ಸಪ್ಪಳ ಕೇಳಿದರೆ ಆ ದಿನದ ಊಟ ರುಚಿಸುತ್ತಿತ್ತು. ಬರಬರುತ್ತ ಶಾಲೆಗಳು ಲೇಜಿಮು ಬಿಟ್ಟವು. ಸೀಟಿ ನನ್ನ ಅಂಗಿಯ ಕಿಸೆಯಲ್ಲಿ ಉಳಿಯಿತು.

ಆಗ ನನ್ನ ಮಗನ ಮಗಳು ಭೂಮಿಕಾ ಮಾಳಿಗೆಯ ಮೇಲೆ ಮೊಬೈಲು ಇಟ್ಟುಕೊಂಡು ಕುಣಿಯಲು ಶುರು ಮಾಡಿದಳು. ನಾನು ಕುರ್ಚಿ ಹಾಕಿಕೊಂಡು ಕೂತೆ. ಎರಡನೇ ದಿನ ಸೀಟಿ ತೆಗೆದೆ. ಮೊಬೈಲಿನಲ್ಲಿ ಅಮೆರಿಕದ ಹುಡುಗ ಕುಣಿಯುವುದು, ಇವಳು ನೋಡುವುದು, ನಾನು ಅದನ್ನು ತುಂಡು ತುಂಡು ಮಾಡಿ ಒಂದ್, ಎರಡ್, ಮೂರ್, ನಾಕ್ ಎಂದು ಸೀಟಿಗೆ ಕೂಡಿಸುವುದು. ಮೂರು ವರ್ಷ ಹೀಗೆ ನಡೆಯಿತು. ತಾಲೂಕಿನಲ್ಲಿ ಮೊದಲ ಬಹುಮಾನ, ಕಾಲೇಜಿನಲ್ಲಿ ಮೊದಲ ಬಹುಮಾನ. ಬಹುಮಾನದ ಫೋಟೊಗಳಲ್ಲೆಲ್ಲ ಅವಳ ಪಕ್ಕದಲ್ಲಿ ನಾನಿದ್ದೇನೆ.

ಪಿಯುಸಿ ಮುಗಿದ ಮೇಲೆ, ಮೊದಲ ಹಂತ ದಾಟಿದವರಿಗಾಗಿ ಪುಣೆಯಲ್ಲಿ ಹತ್ತು ದಿನದ ತರಬೇತಿ ಇದೆಯೆಂದು ಅವಳೇ ಹುಡುಕಿದಳು. ಅರ್ಜಿಯಲ್ಲಿ ‘ಕಲಿಸಿದವರು ಯಾರು’ ಎಂಬ ಕಡೆ ‘ಮೊಬೈಲು ನೋಡಿ ಸ್ವಂತ ಕಲಿತೆ’ ಎಂದು ಬರೆದಿದ್ದಳು. ನಾನು ಅದನ್ನು ತೆಗೆಸಿ ನನ್ನ ಹೆಸರು ಹಾಕಿಸಿದೆ.

ಇಂದಾಪುರ

ನಮ್ಮೂರು ನಿಂಬೆಹಣ್ಣಿನ ಊರು. ಪುಣೆಯಲ್ಲಿ ನಾವು ಇಳಿದುಕೊಳ್ಳಬೇಕಿದ್ದ ಗೆಳೆಯ ಬಸಣ್ಣನಿಗೆ ನೂರು ಹಣ್ಣು ಎಣಿಸಿ ಚೀಲಕ್ಕೆ ತುಂಬಿದ್ದೆ. ಸೋಲಾಪುರ ದಾಟಿ ಇಂದಾಪುರದ ನಿಲ್ದಾಣಕ್ಕೆ ಬಸ್ಸು ತಿರುಗುವಾಗ ಚೀಲದ ಬಾಯಿ ಬಿಚ್ಚಿತು. ಹಣ್ಣೆಲ್ಲ ಸೀಟಿನ ಕೆಳಗೆ ಉರುಳಿ ಡ್ರೈವರನ ಕಾಲಿನ ತನಕ ಹೋದವು. ಬಸ್ಸಿನವರೆಲ್ಲ ಕಾಲೆತ್ತಿ ಕೂತರು. ಕಬ್ಬಿನ ಹೊಲದಿಂದ ಬಂದಿದ್ದ ಹೆಂಗಸರು ಸೆರಗಿನಲ್ಲಿ ಆರಿಸಿ ತಂದು ಕೊಟ್ಟರು.

ನಾನು ಎಣಿಸಿದೆ. ತೊಂಬತ್ನಾಲ್ಕು. ಆರು ಕಡಿಮೆ ಎಂದು ಮತ್ತೆ ಬಗ್ಗಿದೆ. ಒಬ್ಬ ಮುದುಕಿ ಮರಾಠಿಯಲ್ಲಿ ಅಜ್ಜ ಎಂದು ಕರೆದು, “ಅಹೋ ಆಜೋಬಾ, ಬಸ್ಸು ನಿಮ್ಮದೇ ಏನು? ಒಂದೆರಡು ಅದಕ್ಕೂ ಇರಲಿ ಬಿಡಿ” ಅಂದಳು. ಭೂಮಿಕಾ ನಾಚಿ ಕಿಟಕಿಯ ಕಡೆ ತಿರುಗಿದಳು. ನಾನು ಪುಣೆ ಬರುವ ತನಕ ಆ ಆರು ಹಣ್ಣಿನ ಯೋಚನೆಯಲ್ಲೇ ಇದ್ದೆ.

ಕೋಥ್ರುಡ್

ಬಸಣ್ಣ ಅರಿವೆ ಅಂಗಡಿಯಲ್ಲಿ ನನ್ನ ಜೊತೆ ಬಟ್ಟೆಯ ಥಾನು ಬಿಚ್ಚಿ ಸುತ್ತುತ್ತಿದ್ದವನು. ಕಸಬಾ ಪೇಟೆಯ ಹಳೆಯ ವಾಡೆಯೊಂದರಲ್ಲಿ ಇಬ್ಬರಿಗೂ ಸೇರಿ ಒಂದೇ ಕೋಣೆ ಇತ್ತು. ನಾನು ಊರಿಗೆ ಬಂದೆ, ಅವನು ಅಲ್ಲೇ ನಿಂತ. ಈಗ ಕೋಥ್ರುಡ್‌ನಲ್ಲಿ ಮೂರನೇ ಮಹಡಿಯ ಮನೆ, ಹೆಂಡತಿ ಗಂಗಕ್ಕ, ಅವನ ಎರಡೂ ಮೊಣಕಾಲಿಗೆ ಪಟ್ಟಿ. ಹೊರಗೆ ಕಾಲಿಟ್ಟರೆ ಮರಾಠಿ, ಹೊಸ್ತಿಲು ದಾಟಿ ಒಳಗೆ ಬಂದರೆ ವಿಜಾಪುರದ ಮಾತು.

“ಬರ್ರಿ ಲೇಜಿಮ್ ಮಾಸ್ತರ,” ಅಂದ. “ಇನ್ನೂ ಸೀಟಿ ಅದನೋ, ನುಂಗಿಬಿಟ್ಟೀಯೊ?”

ಕಿಸೆಯಿಂದ ತೆಗೆದು ತೋರಿಸಿದೆ.

“ಗಂಗಾ, ನೋಡಿಲ್ಲೆ. ಹಲ್ಲ ಹೋಗ್ಯಾವ, ಸೀಟಿ ಹೋಗಿಲ್ಲ.”

ಅವರ ಕಟ್ಟಡದ ಬಾಗಿಲಲ್ಲಿ ಒಂದು ಫಲಕ: ‘ಗಂಟೆ ಒಮ್ಮೆ ಒತ್ತಿದರೆ ಸಾಕು. ನಾವು ಕಿವುಡರಲ್ಲ.’ ನಮ್ಮ ಕಡೆ ಇಂಥದ್ದನ್ನು ಬರೆದರೆ ನೆಂಟರು ಮುನಿಸಿಕೊಳ್ಳುತ್ತಾರೆ. ಪುಣೆಯವರು ಓದಿ, ಒಮ್ಮೆ ಮಾತ್ರ ಒತ್ತಿ, ಸುಮ್ಮನೆ ನಿಲ್ಲುತ್ತಾರೆ. ಐವತ್ತು ವರ್ಷದ ಹಿಂದೆಯೂ ಹೀಗೇ ಇದ್ದರು. ನನಗೆ ಹಳೆಯ ಗುರುತಿನವರ ಮುಖ ಕಂಡ ಹಾಗಾಯಿತು.

ಮೊದಲ ದಿನ

ತರಬೇತಿಯ ಕೋಣೆ ಮೋಟಾರು ಬಿಡಿಭಾಗಗಳ ಅಂಗಡಿಯ ಮೇಲಿತ್ತು. ಒಂದು ಗೋಡೆ ತುಂಬ ಕನ್ನಡಿ. ಬಂದವರೆಲ್ಲ ಬಾಗಿಲಲ್ಲಿ ಬೀದಿಯ ಬೂಟು ಬಿಚ್ಚಿ, ಚೀಲದಿಂದ ಬೇರೆ ಬೂಟು ತೆಗೆದು ಹಾಕಿಕೊಳ್ಳುತ್ತಿದ್ದರು. ಭೂಮಿಕಾಳ ಹತ್ತಿರ ಇದ್ದದ್ದು ಒಂದೇ ಜೊತೆ. ನಳದ ಕೆಳಗೆ ಅಟ್ಟೆ ತೊಳೆದು, ಒರೆಸಿ, ಒದ್ದೆ ಬೂಟಿನಲ್ಲೇ ಒಳಗೆ ಹೋದಳು. ನಾನು ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದೆ.

ಕಲಿಸುವವಳು ತನ್ವಿ ಎಂಬ ಇಪ್ಪತ್ತಾರರ ಹುಡುಗಿ. ತನಗಿಂತ ಎರಡು ಪಟ್ಟು ದೊಡ್ಡ ಅಂಗಿ ಹಾಕಿಕೊಂಡಿದ್ದಳು. ಗೊತ್ತಿರುವುದನ್ನು ಕುಣಿದು ತೋರಿಸಿ ಎಂದಳು. ಭೂಮಿಕಾ ತಾಲೂಕಿನಲ್ಲಿ ಬಹುಮಾನ ಪಡೆದದ್ದನ್ನು ಕುಣಿದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ನಾನು ಅಕ್ಕಪಕ್ಕ ನೋಡಿದೆ, ಯಾರಾದರೂ ನನ್ನನ್ನು ನೋಡುತ್ತಾರೇನೋ ಎಂದು.

“ಚೆನ್ನಾಗಿದೆ. ಈಗ ಅದನ್ನೇ ಈ ಹಾಡಿಗೆ ಕುಣಿ,” ಅಂದಳು ತನ್ವಿ ಮರಾಠಿಯಲ್ಲಿ.

ಈ ಹಾಡು ನಿಧಾನದ್ದು, ಉಂಡು ಅಡ್ಡಾಡಲು ಹೊರಟವರ ನಡಿಗೆಯಂಥದ್ದು. ಭೂಮಿಕಾ ಅದೇ ಹೆಜ್ಜೆಗಳನ್ನು ಅದೇ ವೇಗದಲ್ಲಿ ಹಾಕಿದಳು. ಹಾಡು ಒಂದು ಕಡೆ, ಇವಳು ಒಂದು ಕಡೆ. ಇವಳು ಮುಗಿಸಿ ನಿಂತಾಗ ಹಾಡು ಇನ್ನೂ ಅರ್ಧ ದಾರಿಯಲ್ಲಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ತನ್ವಿ ಹತ್ತಿರ ಬಂದು, “ತುಝ್ಯಾ ಡೋಕ್ಯಾತ ಕೋಣ ಮೋಜತಂಯ?” ಎಂದು ಕೇಳಿದಳು. ನಿನ್ನ ತಲೆಯೊಳಗೆ ಎಣಿಸುತ್ತಿರುವವರು ಯಾರು ಎಂದು.

ಭೂಮಿಕಾ ನನ್ನ ಕಡೆ ತಿರುಗಿದಳು. ಎಲ್ಲರೂ ತಿರುಗಿದರು. ನನ್ನ ಬಲಗೈ ತೊಡೆಯ ಮೇಲೆ ಇನ್ನೂ ನಾಲ್ಕು ನಾಲ್ಕು ಬಡಿಯುತ್ತಿತ್ತು.

“ಆಜೋಬಾ, ಅರ್ಜಿಯಲ್ಲಿರುವ ಮಲ್ಲಪ್ಪ ನೀವೇನಾ? ಎಷ್ಟು ವರ್ಷ ಕಲಿಸಿದಿರಿ?”

ಮೂರು ವರ್ಷ ಎನ್ನಬೇಕಿತ್ತು. ಐದು ಅಂದೆ.

ಅವಳು ನನ್ನನ್ನು ಬಯ್ಯಲಿಲ್ಲ. ಹೆಜ್ಜೆ ಕಲಿಯುವುದು ಮೊದಲ ಹಂತ, ಅದು ಇವಳಿಗೆ ಬಂದಿದೆ. ಮುಂದಿನ ಹಂತಕ್ಕೆ ಹಾಡು ಕೇಳಿಸಿಕೊಳ್ಳಬೇಕು, ಒಂದೇ ಹೆಜ್ಜೆಯನ್ನು ಹತ್ತು ಥರ ಹಾಕಬೇಕು. ಈ ಹತ್ತು ದಿನ ಒಂದೂ ಹೊಸ ಹೆಜ್ಜೆ ಹೇಳಿಕೊಡುವುದಿಲ್ಲ ಎಂದಳು. ಒಂದೂ ಹೊಸ ಹೆಜ್ಜೆ ಇಲ್ಲದೆ ಹತ್ತು ದಿನ ಏನು ಕಲಿಸುತ್ತಾಳೆ, ಇದು ಮೋಸ ಎಂದು ನಾನು ದಾರಿಯುದ್ದಕ್ಕೂ ಭೂಮಿಕಾಳಿಗೆ ಹೇಳಿದೆ.

ನಾಲ್ಕನೇ ದಿನ

ಹಿಪ್‌ಹಾಪ್‌ನವರಲ್ಲಿ ಒಂದು ಪದ್ಧತಿ ಇದೆ. ಎಲ್ಲರೂ ಸುತ್ತುಗಟ್ಟಿ ನಿಲ್ಲುತ್ತಾರೆ. ಹಾಡು ನಡೆಯುತ್ತಿರುತ್ತದೆ. ಒಬ್ಬರು ನಡುವೆ ಬಂದು ತಮಗೆ ತೋಚಿದ್ದನ್ನು ಕುಣಿದು ಹೊರಗೆ ಹೋಗುತ್ತಾರೆ, ಮತ್ತೊಬ್ಬರು ಬರುತ್ತಾರೆ. ಯಾರ ನಂತರ ಯಾರು ಎಂಬ ಸರತಿ ಇಲ್ಲ, ಸೀಟಿ ಇಲ್ಲ. ಅದಕ್ಕೆ ಸೈಫರ್ ಎನ್ನುತ್ತಾರೆ. ಲೇಜಿಮಿನಲ್ಲೂ ಸುತ್ತು ಕಟ್ಟುತ್ತೇವೆ, ಆದರೆ ನಡುವೆ ನಿಲ್ಲುವವನು ಸೀಟಿಯವನು ಒಬ್ಬನೇ.

ಭೂಮಿಕಾ ನಡುವೆ ಬಂದು ನಿಂತುಬಿಟ್ಟಳು. ಕೈಯಿಲ್ಲ, ಕಾಲಿಲ್ಲ. ಅವಳ ಕಣ್ಣು ಕೋಣೆಯೆಲ್ಲ ಹುಡುಕಿ ನನ್ನ ಕುರ್ಚಿಗೆ ಬಂದು ನಿಂತಿತು. ನಾನು ತೊಡೆಯಿಂದ ಬೆರಳೆತ್ತಿ ನಾಲ್ಕು ಸಲ ಆಡಿಸಿದೆ. ತಕ್ಷಣ ಅವಳ ಕಾಲು ಎದ್ದಿತು. ಅದೇ ಬಹುಮಾನದ ಕುಣಿತ, ತುದಿಯಿಂದ ತುದಿಗೆ. ಮಕ್ಕಳು ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಉಳಿದವರಿಗೆ ಕೂಗಿ, ಕಾಲು ಬಡಿದು ಗದ್ದಲ ಮಾಡಿದ್ದವರು ಇವಳಿಗೆ ಚಪ್ಪಾಳೆ ತಟ್ಟಿದರು. ವ್ಯತ್ಯಾಸ ಅವಳಿಗೆ ತಿಳಿಯಿತು.

ರಿಕ್ಷಾದಲ್ಲಿ ದುಪಟ್ಟಾ ಮುಖಕ್ಕೆ ಸುತ್ತಿಕೊಂಡಳು. ಪುಣೆಯ ಹುಡುಗಿಯರು ಬಿಸಿಲಿಗೆ ಸುತ್ತಿಕೊಳ್ಳುತ್ತಾರಲ್ಲ, ಹಾಗೆ ಕಣ್ಣು ಬಿಟ್ಟು ಎಲ್ಲ. ಅದರ ಒಳಗಿನಿಂದ, “ಅಜ್ಜಾ, ನಾಳೆ ಊರಿಗೆ ಹೋಗೂಣು. ನನಗ ಇದು ಬರೂದಿಲ್ಲ. ಇನ್ನ ಕುಣಿಯೂದ ಬ್ಯಾಡ,” ಅಂದಳು.

ಆ ಮಾತಿಗೆ ನನಗೆ ದುಃಖವಾಗಬೇಕಿತ್ತು. ಸಮಾಧಾನವಾಯಿತು. ಊರಿಗೆ ಹೋದರೆ ನಾಲ್ಕು ದಿನದಲ್ಲಿ ಸಿಟ್ಟು ಇಳಿದು ಮತ್ತೆ ಮಾಳಿಗೆ ಹತ್ತುತ್ತಾಳೆ, ನನ್ನ ಕುರ್ಚಿ, ನನ್ನ ಸೀಟಿ ಇದ್ದಲ್ಲೇ ಇರುತ್ತವೆ ಎಂದುಕೊಂಡೆ. “ಆಯ್ತು ಬಿಡವಾ, ಹೋಗೂಣು,” ಅಂದೆ. ಹೀಗೆ ಅಂದದ್ದನ್ನು ನನ್ನ ಮಗನಿಗೂ ಹೇಳಿಲ್ಲ.

ಅದೇ ಸಂಜೆ

ಬಸಣ್ಣನ ಬಾಲ್ಕನಿಯಲ್ಲಿ ಬಟ್ಟೆ ಒಗೆಯುವ ಯಂತ್ರವಿದೆ. ಅದರ ಒಂದು ಕಾಲು ಗಿಡ್ಡ. ಹಿಂಡುವ ಹೊತ್ತಿಗೆ ಧಡಕ್, ಧಡಧಡ, ಧಡಕ್ ಎಂದು ಕುಪ್ಪಳಿಸುತ್ತದೆ. ಒಮ್ಮೆ ಬಿದ್ದ ಪೆಟ್ಟು ಮತ್ತೆ ಅದೇ ಜಾಗದಲ್ಲಿ ಬೀಳುವುದಿಲ್ಲ. ಮೂರು ದಿನದಿಂದ ನಾನು ಅದಕ್ಕೆ ಲೆಕ್ಕ ಕಟ್ಟಲು ನೋಡಿ ಸೋತಿದ್ದೆ.

ರೊಟ್ಟಿ ತಿನ್ನುವಾಗ ಭೂಮಿಕಾ ತಟ್ಟೆ ಮುಟ್ಟಲಿಲ್ಲ. ಬಸಣ್ಣ ಕಾರಣ ಕೇಳಿದ, ಅವಳೇ ಎಲ್ಲ ಹೇಳಿದಳು. ಕೊನೆಗೆ, “ಅಜ್ಜ ಬೆರಳ ಎತ್ತಿದ ಮ್ಯಾಲ ಕಾಲ ಎದ್ದಾವ್ರಿ, ಇಲ್ಲಂದ್ರ ಏಳತಿದ್ದಿಲ್ಲ,” ಅಂದಳು. ದೂರುವ ದನಿಯಲ್ಲಿ ಅಲ್ಲ. ಇದ್ದದ್ದನ್ನು ಹೇಳಿದಳು ಅಷ್ಟೆ.

ಬಸಣ್ಣ ನನ್ನ ಮುಖ ನೋಡಿದ. ನಾನು ಐವತ್ತು ವರ್ಷ ನುಂಗಿಕೊಂಡಿದ್ದು ಆಗ ಬಾಯಿಗೆ ಬಂತು.

ಅವನೂ ನಾನೂ ಪೇಟೆಯ ಲೇಜಿಮು ಸಾಲಿನಲ್ಲಿ ಅಕ್ಕಪಕ್ಕ ನಿಲ್ಲುತ್ತಿದ್ದೆವು. ಗಣಪತಿ ಕಳಿಸುವ ಮೆರವಣಿಗೆಗೆಂದು ಎರಡು ತಿಂಗಳ ತಾಲೀಮು. ಬಸಣ್ಣನ ಕಾಲು ಸೀಟಿ ಕೇಳುತ್ತಿತ್ತು, ಭುಜ ಕೇಳುತ್ತಿರಲಿಲ್ಲ. ತಾಷೆ ವಾದ್ಯದ ಒಂದೊಂದು ಏಟಿಗೂ ಅದು ತಾನೇ ಏನಾದರೊಂದು ಮಾಡುತ್ತಿತ್ತು. ನೋಡುತ್ತ ನಾನು ಲೆಕ್ಕ ತಪ್ಪುತ್ತಿದ್ದೆ, ಬೈಗುಳ ನನಗೆ ಬೀಳುತ್ತಿತ್ತು. ಮೆರವಣಿಗೆಗೆ ಮೂರು ದಿನ ಇರುವಾಗ ಲೇಜಿಮು ಕಲಿಸುವ ಉಸ್ತಾದರ ಹತ್ತಿರ ಒಬ್ಬನೇ ಹೋಗಿ, ಬಸ್ಯಾ ಕುಡಿದು ಬರುತ್ತಾನೆ ಎಂದು ಹೇಳಿದೆ. ಅವನು ಹುಟ್ಟಿದಾಗಿನಿಂದ ಕುಡಿದವನಲ್ಲ. ಉಸ್ತಾದರು ಅವನನ್ನು ಸಾಲಿನಿಂದ ತೆಗೆದರು. ಆ ರಾತ್ರಿ ಕೋಣೆಯಲ್ಲಿ ಅವನಿಗೆ ಸಮಾಧಾನ ಹೇಳಿದವನೂ ನಾನೇ.

ಇದನ್ನು ಗಂಗಕ್ಕನ ಮುಂದೆ, ಮೊಮ್ಮಗಳ ಮುಂದೆ ಹೇಳಿದೆ. ಗಂಗಕ್ಕನ ಕೈಯಲ್ಲಿದ್ದ ರೊಟ್ಟಿ ಬುಟ್ಟಿಗೆ ಹೋಗದೆ ಅಲ್ಲೇ ನಿಂತಿತು.

“ಹೌದಾ?” ಅಂದ ಬಸಣ್ಣ. “ಅದಕ್ಕ ಆ ಮುದುಕ ನನ್ನ ಬಾಯಿ ಮೂಸಿ ನೋಡಿದ್ದ. ನನಗ ಇವತ್ತಿನ ತನಕ ತಿಳಿದಿದ್ದಿಲ್ಲ.”

“ತಪ್ಪಾತೋ ಬಸು.”

“ತಪ್ಪಂತೂ ಆತು. ಅವತ್ತ ನಾ ಎಲ್ಲಿದ್ದೆ ಗೊತ್ತದೇನು ನಿನಗ? ನಿಮ್ಮ ಸಾಲಿನ ಬಾಜೂಕ, ಮಂದಿ ಒಳಗ. ಮುಂಜಾನಿಂದ ಸಂಜಿ ತನಕ ಕುಣದೆ. ಅಷ್ಟ ಕುಣದದ್ದು ಹಿಂದಿಲ್ಲ, ಮುಂದಿಲ್ಲ. ನಿನ್ನ ಮುಂದ ನಾಕ ಸಲ ಬಂದೆ, ಮಲ್ಲ್ಯಾ. ಹಲ್ಲ ಕಿಸದೆ, ಕೈ ಬೀಸಿದೆ. ನೀ ನೋಡಲಿಲ್ಲ. ನಿನ್ನ ತುಟಿ ಅಲ್ಲಾಡತಿದ್ದವು. ಎಣಸ್ತಿದ್ದಿ.”



“ಇಷ್ಟ ಸಲೀಸ ಬಿಡಬ್ಯಾಡ್ರಿ ಇವರನ್ನ,” ಅಂದರು ಗಂಗಕ್ಕ. “ಹೋಗೂ ತನಕ ಮನಿ ಅರಿವಿ ಎಲ್ಲಾ ಇವರ ಮಡಚಲಿ. ಅಂಗಡ್ಯಾಗ ಇದ್ದವರು, ಬರ್ತದ.”

ಅಷ್ಟರಲ್ಲಿ ಬಾಲ್ಕನಿಯ ಯಂತ್ರ ಕುಪ್ಪಳಿಸಲು ಹತ್ತಿತು. ಭೂಮಿಕಾ, “ಬಸಣ್ಣಜ್ಜಾ, ಅವತ್ತ ಹೆಂಗ ಕುಣದ್ರಿ? ತೋರಸ್ರಿ,” ಅಂದಳು.

“ಮೊಣಕಾಲ ರಜಾ ಹಾಕ್ಯಾವ ನಮ್ಮವ್ವಾ.”

“ಭುಜ ರಜಾ ಹಾಕಿಲ್ಲಲ್ರಿ.”

ಬಸಣ್ಣ ಎದ್ದು ಫ್ರಿಜ್ಜಿನ ಹಿಡಿಕೆ ಹಿಡಿದು ನಿಂತ. ಸ್ವಲ್ಪ ಹೊತ್ತು ಸುಮ್ಮನೆ ಯಂತ್ರದ ಸದ್ದು ಕೇಳಿದ. ಆಮೇಲೆ ಎಡ ಭುಜ ಒಂದು ಏಟು ಹಿಡಿಯಿತು, ಇನ್ನೊಂದನ್ನು ಬಿಟ್ಟಿತು, ಬಲ ಭುಜ ಬಂದು ಬಿಟ್ಟದ್ದನ್ನು ಹಿಡಿಯಿತು. ಐವತ್ತು ವರ್ಷದ ಹಿಂದೆ ನಾನು ನೋಡಿ ಲೆಕ್ಕ ತಪ್ಪಿದ್ದ ಭುಜ ಅದೇ. ಭೂಮಿಕಾ ಎದುರಿಗೆ ನಿಂತು ಮೊಣಕಾಲು ಸಡಿಲ ಬಿಟ್ಟಳು. ಮೊದಲು ಬರಲಿಲ್ಲ, ನಗು ಬಂತು. ಮತ್ತೆ ನಿಂತಳು. ಯಂತ್ರ ಧಡಧಡ ಎಂದಾಗ ಅವಳ ಎದೆ ಹಿಂದಕ್ಕೆ ಹೋಗಿ, ತಡೆದು, ತಡವಾಗಿ ಮುಂದೆ ಬಂತು.

“ಅಜ್ಜಾ, ಎಣಸಬ್ಯಾಡ,” ಅಂದಳು ತಿರುಗಿ ನೋಡದೆ.

ನನ್ನ ತುಟಿ ಅಲ್ಲಾಡುತ್ತಿದ್ದುದು ನನಗೇ ಗೊತ್ತಿರಲಿಲ್ಲ. ನಿಂಬೆಯ ಉಪ್ಪಿನಕಾಯಿಯ ಒಂದು ದೊಡ್ಡ ಹೋಳು ಬಾಯಿಗೆ ಹಾಕಿಕೊಂಡು ಕೂತೆ. ಊರಿಗೆ ಹೋಗುವ ಮಾತನ್ನು ಮರುದಿನ ಯಾರೂ ಎತ್ತಲಿಲ್ಲ.

ಉಳಿದ ದಿನಗಳು

ಐದನೇ ದಿನದಿಂದ ಅವಳನ್ನು ಮೆಟ್ಟಿಲ ತನಕ ಬಿಟ್ಟು ನಾನು ಊರು ಸುತ್ತಲು ಹೋಗುತ್ತಿದ್ದೆ. ಒಳಗೆ ನಡೆದದ್ದನ್ನು ಸಂಜೆ ಬಟ್ಟೆ ಮಡಚುತ್ತ ಅವಳ ಬಾಯಿಂದ ಕೇಳುತ್ತಿದ್ದೆ. ಒಂದು ದಿನ ಪೂರ್ತಿ ಮೊಣಕಾಲು ಕುಲುಕಿಸುವುದಷ್ಟೇ. ಒಂದು ದಿನ ಹಾಡಿನ ಡ್ರಮ್ಮು ಮಾತ್ರ ಕೇಳಿ ಕುಣಿಯುವುದು, ಮರುದಿನ ಡ್ರಮ್ಮು ಬಿಟ್ಟು ಹಾಡುವವನ ಉಸಿರು ಮಾತ್ರ. ಒಂದೇ ಹೆಜ್ಜೆಯನ್ನು ಬಗ್ಗಿ, ನಿಧಾನಿಸಿ, ತಿರುಗಿ, ಅರ್ಧಕ್ಕೇ ನಿಲ್ಲಿಸಿ ನೋಡುವುದು. ಕನ್ನಡಿಗೆ ಬೆನ್ನು ಹಾಕಿ ಕುಣಿಯುವುದು. ಮೊಬೈಲಿನಲ್ಲಿ ತನ್ನನ್ನೇ ಹಿಡಿದು, ಸದ್ದು ತೆಗೆದು ನೋಡಿದಾಗಲೂ ಹಾಡು ಯಾವುದೆಂದು ತಿಳಿಯಬೇಕಂತೆ. ಇಂಥ ಮಾತು ನನ್ನ ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ನನಗೆ ಹೊಳೆದಿರಲಿಲ್ಲ.

ನಾನು ಹಳೆಯ ಪುಣೆಯನ್ನು ಹುಡುಕಿದೆ. ನಮ್ಮ ವಾಡೆ ಇದ್ದಲ್ಲಿ ಏಳು ಮಹಡಿ ಎದ್ದಿದೆ. ಅರಿವೆ ಅಂಗಡಿಯಲ್ಲಿ ಈಗ ಮೊಬೈಲಿನ ಕವಚ ಮಾರುತ್ತಾರೆ, ಆದರೆ ಹೊಸ್ತಿಲ ಕಲ್ಲು ಅದೇ, ನಡುವೆ ಸವೆದದ್ದು. ಮಧ್ಯಾಹ್ನ ಒಂದಕ್ಕೆ ಬಾಗಿಲು ಎಳೆದು ಮಲಗುವ ಅಂಗಡಿಯವರು ಇನ್ನೂ ಕೆಲವರಿದ್ದಾರೆ. ಮುಚ್ಚಿದ ಬಾಗಿಲುಗಳ ನಡುವೆ, ತಾಲೀಮು ನಡೆಯುತ್ತಿದ್ದ ಓಣಿಯಲ್ಲಿ ನಿಂತು ಆ ಮೆರವಣಿಗೆಯನ್ನು ನೆನೆಸಿಕೊಳ್ಳಲು ನೋಡಿದೆ. ಗುಲಾಲಿನ ಬಣ್ಣ, ಮಾಳಿಗೆಗಳಿಂದ ನೀರು ಸುರಿಯುತ್ತಿದ್ದ ಹೆಂಗಸರು, ಮಂದಿಯಲ್ಲಿ ಕುಣಿಯುತ್ತಿದ್ದ ಬಸಣ್ಣ. ಏನೂ ನೆನಪಾಗಲಿಲ್ಲ. ಮುಂದಿನವನ ಹಿಮ್ಮಡಿ ಮತ್ತು ಅಂಕಿಗಳು, ಅಷ್ಟೇ ಉಳಿದಿದ್ದವು.

ಹತ್ತನೇ ದಿನ

ಕೊನೆಯ ದಿನದ ಸೈಫರಿಗೆ ಮನೆಯವರನ್ನೂ ಕರೆದಿದ್ದರು. ಕುರ್ಚಿಯಲ್ಲಿ ಕೂತೆ. ಹಾಡು ಶುರುವಾಯಿತು, ಮಕ್ಕಳು ಸುತ್ತುಗಟ್ಟಿದರು. ಭೂಮಿಕಾ ತನ್ನ ಜಾಗಕ್ಕೆ ಬಂದವಳು ಮೊದಲು ನೋಡಿದ್ದು ನನ್ನ ಕುರ್ಚಿಯನ್ನು. ನನ್ನ ಬೆರಳು ಆಗಲೇ ಎದ್ದಿತ್ತು.

ಎದ್ದು ಹೊರಗೆ ಬಂದೆ. ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತೆ. ಕೈ ತಾನಾಗಿ ತೊಡೆಗೆ ಹೋಯಿತು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಭಾರ ಬಿಟ್ಟೆ. ಸುತ್ತಲೂ ಇಪ್ಪತ್ತು ಜೊತೆ ಚಪ್ಪಲಿ, ಬೂಟು. ಒಳಗಿನ ಸದ್ದು ಗೋಡೆಯ ಮೂಲಕ ಬೆನ್ನಿಗೆ ಬರುತ್ತಿತ್ತು. ಯಾರು ಕುಣಿಯುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ಒಮ್ಮೆ ಚಪ್ಪಾಳೆ ಕೇಳಿತು. ಅದು ಅವಳಿಗೆ ಇರದಿರಲಿ ಎಂದುಕೊಂಡೆ. ಒಮ್ಮೆ ಹಾಡು ಬಿಟ್ಟು ಬೇರೇನೂ ಕೇಳಿಸಲಿಲ್ಲ, ಬಹಳ ಹೊತ್ತು. ಮತ್ತೊಮ್ಮೆ ಎಲ್ಲರೂ ಒಟ್ಟಿಗೆ ಕೂಗಿ ನೆಲ ಬಡಿದರು, ಕೆಳಗಿನ ಅಂಗಡಿಯವನು ಹೊರಗೆ ಬಂದು ಮೇಲೆ ನೋಡಿದ.

ಬಾಗಿಲು ತೆರೆದಾಗ ಮೊದಲು ಬಂದವಳು ತನ್ವಿ. “ಆಜೋಬಾ, ದೀಪಾವಳಿಯ ನಂತರ ಇದರ ಮುಂದಿನ ತಂಡ ಶುರುವಾಗುತ್ತದೆ. ಅವಳನ್ನು ಕಳಿಸಿ,” ಅಂದಳು. ಆಮೇಲೆ, “ಒಬ್ಬಳನ್ನೇ ಕಳಿಸಿದರೂ ನಡೆಯುತ್ತದೆ,” ಎಂದು ನಕ್ಕಳು.

ಅಂದು ರಾತ್ರಿ ಮನೆಯಲ್ಲಿ ಸೀಟಿಯನ್ನು ಬಸಣ್ಣನ ಕೈಗೆ ಕೊಟ್ಟೆ. ಮಡಚಿದ ಬಟ್ಟೆಯ ಮೇಲಿಟ್ಟು ಕೊಟ್ಟೆ. “ಪ್ರೆಶರ್ ಕುಕ್ಕರಿಗೆ ಹಾಕಸ್ತೇನಿ, ಅದರದ್ದ ಕೆಟ್ಟದ,” ಅಂದ.

ಮತ್ತೆ ಇಂದಾಪುರ

ಮರುದಿನ ಬಸ್ಸು ಪುಣೆಯ ಅಂಚಿನ ಹಡಪಸರ ದಾಟಿತು. ಭೂಮಿಕಾ, “ನೋಡಿದ್ಯಾ ಅಜ್ಜಾ, ನಿನ್ನೆ?” ಅಂದಳು.

“ಇಲ್ಲವಾ. ಹೊರಗ ಕುಂತಿದ್ದೆ.”

“ಒಂದೀಟೂ?”

“ಒಂದೀಟೂ ನೋಡಲಿಲ್ಲ.”

“ಛಲೋ ಆತು. ನಿನ್ನ ಕುರ್ಚಿ ಖಾಲಿ ಇತ್ತು. ಎದಿ ಧಸಕ್ಕಂತು. ಆಮ್ಯಾಲ ಹಾಡ ಕೇಳಸ್ತು.”

ಇಂದಾಪುರದಲ್ಲಿ ಡ್ರೈವರು ಯಂತ್ರ ಬಂದ್ ಮಾಡದೆ ಚಹಾಕ್ಕೆ ಇಳಿದ. ನಾವೂ ಇಳಿದೆವು. ಹಳೆಯ ಬಸ್ಸು, ತಗಡೆಲ್ಲ ನಡುಗುತ್ತಿತ್ತು. ಕಿಟಕಿಯ ಗಾಜು ಒಂದು ಥರ, ಬಾಗಿಲು ಒಂದು ಥರ, ಕೆಳಗೆಲ್ಲೋ ಸಡಿಲಾದ ಸರಪಳಿ ಲೇಜಿಮಿನಂತೆ ಝಣಝಣ ಎನ್ನುತ್ತಿತ್ತು. ಭೂಮಿಕಾ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ನನಗೆ ಕೊಟ್ಟಳು. ಮೊಣಕಾಲು ಸಡಿಲಾದವು. ಗಾಜಿನ ಸದ್ದನ್ನು ಭುಜಕ್ಕೆ ತೆಗೆದುಕೊಂಡಳು, ಸರಪಳಿಯದನ್ನು ಕಾಲಿಗೆ. ಬಹುಮಾನದ ಕುಣಿತದ ಒಂದು ಹೆಜ್ಜೆ ನಡುವೆ ಬಂತು. ನಾನು ಕಲಿಸಿದ ಹೆಜ್ಜೆಯೇ, ಆದರೆ ಅರ್ಧಕ್ಕೇ ನಿಂತು, ಯಂತ್ರ ಬಿಕ್ಕಿದ ಮೇಲೆ ಉಳಿದರ್ಧ ಮುಗಿಯಿತು. ಕಬ್ಬಿನ ಕೆಲಸದ ಹೆಂಗಸರು ಬುಟ್ಟಿ ಇಳಿಸಿ ನಿಂತರು. ಚಹಾದ ಗ್ಲಾಸು ಹಿಡಿದ ಡ್ರೈವರು ಗ್ಲಾಸು ಮರೆತು ನಿಂತ.

ಎಷ್ಟು ಹೊತ್ತು ಕುಣಿದಳು, ಎಷ್ಟು ಹೆಜ್ಜೆ ಹಾಕಿದಳು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಕಂಡಕ್ಟರ್ ಎರಡು ಸಲ ಗಂಟೆ ಬಾರಿಸಿದ. ಆ ದಿನ ನಾನು ಎಣಿಸಿದ್ದು ಅದೊಂದನ್ನೇ.